ವರ್ಷದ ಅತ್ಯುತ್ತಮ ಚಿತ್ರಗಳ ಪಟ್ಟಿ ಮಾಡುವವರಿಗೆ: ಮೆಚ್ಚಿದ್ದನ್ನು ಕೇಳುವ ಮೊದಲು ನೋಡಿದ್ದನ್ನು ಕೇಳಿ

ವರ್ಷಾಂತ್ಯದ ಮತದಾನ ನಡೆಸುವ ಸಂಚಾಲಕರಿಗೆ, ಮತ ಎಣಿಸುವ ಗೆಳೆಯರಿಗೆ ಮತ್ತು ಹತ್ತು ಹೆಸರು ಬರೆದು ಕಳಿಸುವ ಎಲ್ಲ ಸಿನಿಮಾಪ್ರಿಯರಿಗೆ,

ನಮಸ್ಕಾರ.

ಡಿಸೆಂಬರ್ ಬಂತೆಂದರೆ ಮತ ಕೇಳುವ ಫಾರ್ಮ್ ಬರುತ್ತದೆ, ಹತ್ತು ಚಿತ್ರಗಳ ಹೆಸರು ಹೋಗುತ್ತದೆ, ಯಾರೋ ಕೂತು ಅಂಕ ಕೂಡಿಸುತ್ತಾರೆ, ಪಟ್ಟಿ ಹೊರಬೀಳುತ್ತದೆ. ಆಮೇಲೆ ಜಗಳ. ಜಗಳ ಇರಲಿ, ಸಿನಿಮಾ ನೋಡುವವರಿಗೆ ಅದೂ ಒಂದು ಸುಖ. ಆದರೆ ಈ ಜಗಳಗಳಲ್ಲಿ ಹೆಚ್ಚಿನವು ಚಿತ್ರಗಳಿಂದ ಹುಟ್ಟಿದವಲ್ಲ, ಎಣಿಕೆಯಿಂದ ಹುಟ್ಟಿದವು. ಹತ್ತು ಸ್ಥಾನದ ಮತಪತ್ರವನ್ನು ಕೂಡಿಸಿ ‘ಅತ್ಯುತ್ತಮ’ ಎಂದು ನಾವು ಪ್ರಕಟಿಸುವ ಪಟ್ಟಿ ಬಹಳ ಸಲ ‘ಅತಿ ಹೆಚ್ಚು ಜನ ನೋಡಿದ, ಕೆಟ್ಟದ್ದೆನಿಸದ’ ಚಿತ್ರಗಳ ಪಟ್ಟಿಯಾಗಿರುತ್ತದೆ. ಇದನ್ನು ಸರಿಪಡಿಸಬಹುದು. ಅದಕ್ಕೆ ಬೇಕಾದದ್ದು ಮತಪತ್ರದಲ್ಲಿ ಇನ್ನೊಂದೇ ಪ್ರಶ್ನೆ: ಈ ವರ್ಷದ ಚಿತ್ರಗಳಲ್ಲಿ ನೀವು ಯಾವ್ಯಾವುದನ್ನು ನೋಡಿದ್ದೀರಿ? ಇದನ್ನು ಕೇಳಬೇಕೆಂಬುದೇ ಈ ಪತ್ರದ ಮುಖ್ಯ ಬೇಡಿಕೆ. ಉಳಿದ ಮಾತೆಲ್ಲ ಅದರ ಸುತ್ತಲಿನದು.

ಲೆಕ್ಕ ಹಾಕಿಯೇ ತೋರಿಸುತ್ತೇವೆ. 60 ಜನ ಮತ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 9, ಹೀಗೆ ಇಳಿಯುತ್ತ ಹತ್ತನೆಯದಕ್ಕೆ 1. ‘ಕ’ ಎಂಬ ಚಿತ್ರವನ್ನು 50 ಜನ ನೋಡಿದ್ದಾರೆ. ಅವರಲ್ಲಿ 30 ಜನ ಪಟ್ಟಿಗೆ ಸೇರಿಸಿದ್ದಾರೆ, ಸರಾಸರಿ ಏಳನೆಯ ಸ್ಥಾನದಲ್ಲಿ. ಒಬ್ಬೊಬ್ಬರಿಂದ 4ರಂತೆ ಒಟ್ಟು 120 ಅಂಕ. ‘ಖ’ ಎಂಬ ಚಿತ್ರವನ್ನು ನೋಡಿದವರು ಬರೀ 12 ಜನ. ಅವರಲ್ಲಿ 11 ಜನ ಸರಾಸರಿ ಎರಡನೆಯ ಸ್ಥಾನ ಕೊಟ್ಟಿದ್ದಾರೆ. ಒಟ್ಟು 99 ಅಂಕ. ಪಟ್ಟಿಯಲ್ಲಿ ‘ಕ’ ಮೇಲೆ, ‘ಖ’ ಕೆಳಗೆ. ಈಗ ಎರಡನ್ನೂ ನೋಡಿದವರನ್ನು ಮಾತ್ರ ತೆಗೆದುಕೊಳ್ಳಿ. ಅಂಥವರು 10 ಜನ ಇದ್ದು, ಅವರಲ್ಲಿ 9 ಜನ ‘ಖ’ವನ್ನೇ ಮೇಲಿಟ್ಟಿದ್ದಾರೆ ಎನ್ನೋಣ. ಎರಡನ್ನೂ ತೂಗಿ ನೋಡಿದವರ ತೀರ್ಪಿಗೂ ನಮ್ಮ ಪಟ್ಟಿಯ ತೀರ್ಪಿಗೂ ತಾಳೆಯೇ ಇಲ್ಲ. ಉಳಿದ 48 ಜನ ‘ಖ’ವನ್ನು ತಿರಸ್ಕರಿಸಿದವರಲ್ಲ, ಅವರಿಗದು ಸಿಕ್ಕೇ ಇರಲಿಲ್ಲ. ಆದರೆ ಎಣಿಕೆಯಲ್ಲಿ ನೋಡದಿರುವುದಕ್ಕೂ ಮೆಚ್ಚದಿರುವುದಕ್ಕೂ ಒಂದೇ ಬೆಲೆ: ಸೊನ್ನೆ.

ಇದಕ್ಕೆ ಮೊದಲು ಹೊಳೆಯುವ ಪರಿಹಾರ, ಒಟ್ಟು ಅಂಕವನ್ನು ನೋಡಿದವರ ಸಂಖ್ಯೆಯಿಂದ ಭಾಗಿಸುವುದು. ‘ಕ’ಕ್ಕೆ 120 ಭಾಗಿಸು 50, ಅಂದರೆ 2.4. ‘ಖ’ಕ್ಕೆ 99 ಭಾಗಿಸು 12, ಅಂದರೆ 8.25. ಇಲ್ಲೊಂದು ಹೊಂಡವಿದೆ. ‘ಗ’ ಎಂಬ ಚಿತ್ರವನ್ನು ಇಬ್ಬರೇ ನೋಡಿ ಇಬ್ಬರೂ ಮೊದಲ ಸ್ಥಾನ ಕೊಟ್ಟರೆ ಅದಕ್ಕೆ ಪೂರ್ತಿ 10! ಇಬ್ಬರ ಮಾತು ಕೇಳಿ ವರ್ಷದ ಅತ್ಯುತ್ತಮ ಚಿತ್ರ ಎಂದು ಘೋಷಿಸುವುದು ಹಿಂದಿನ ತಪ್ಪಿಗಿಂತ ದೊಡ್ಡ ತಪ್ಪು. ಹಾಗಾಗಿ ಪ್ರತಿ ಚಿತ್ರಕ್ಕೂ ಒಂದಷ್ಟು ಕಲ್ಪಿತ ವೀಕ್ಷಕರನ್ನು ಸೇರಿಸಬೇಕು. ಅವರು ಯಾವ ಪಕ್ಷಕ್ಕೂ ಸೇರದವರು, ಎಲ್ಲ ಚಿತ್ರಕ್ಕೂ ಸಾಮಾನ್ಯ ಸರಾಸರಿಯಷ್ಟೇ ಅಂಕ ಕೊಡುವವರು. ಆ ಸರಾಸರಿ ಸಿಗುವುದು ಹೀಗೆ: ಒಂದು ಪೂರ್ಣ ಮತಪತ್ರದಲ್ಲಿ ಒಟ್ಟು 55 ಅಂಕಗಳಿರುತ್ತವೆ, ಒಬ್ಬೊಬ್ಬರು ವರ್ಷದಲ್ಲಿ ಸರಾಸರಿ 40 ಚಿತ್ರ ನೋಡಿದ್ದರೆ, ಒಂದು ವೀಕ್ಷಣೆಗೆ 55 ಭಾಗಿಸು 40, ಅಂದರೆ 1.375 ಅಂಕ. ಹತ್ತು ಕಲ್ಪಿತ ವೀಕ್ಷಕರನ್ನು ಸೇರಿಸಿದರೆ ಪ್ರತಿ ಚಿತ್ರದ ಅಂಕಕ್ಕೆ 13.75 ಕೂಡುತ್ತದೆ, ನೋಡಿದವರ ಸಂಖ್ಯೆಗೆ 10 ಕೂಡುತ್ತದೆ. ಆಗ ‘ಖ’ಕ್ಕೆ 5.13, ‘ಗ’ಕ್ಕೆ 2.81, ‘ಕ’ಕ್ಕೆ 2.23. ಕಲ್ಪಿತ ವೀಕ್ಷಕರನ್ನು ಮೂವತ್ತಕ್ಕೆ ಏರಿಸಿದರೆ ‘ಖ’ 3.34, ‘ಕ’ 2.02, ‘ಗ’ 1.91. ಹತ್ತಿಟ್ಟಾಗ ಎರಡನೆಯದಾಗಿದ್ದ ‘ಗ’ ಮೂವತ್ತಿಟ್ಟಾಗ ಮೂರನೆಯದಾಯಿತು. ‘ಖ’ ಮಾತ್ರ ಎರಡು ಸಲವೂ ಅಲುಗಾಡಲಿಲ್ಲ. ಹೀಗೆ ಅಲುಗಾಡದ ಚಿತ್ರವನ್ನೇ ಧೈರ್ಯವಾಗಿ ಮೊದಲಿನದು ಎನ್ನಬಹುದು.

ಇದೇನೂ ಹೊಸ ಸಂಶೋಧನೆಯಲ್ಲ. ವೀಕ್ಷಕರು ಚಿತ್ರಗಳಿಗೆ ಅಂಕ ಕೊಡುವ ಜಾಲತಾಣ ಐಎಂಡಿಬಿಯ 250 ಚಿತ್ರಗಳ ಪಟ್ಟಿಗೆ ಬಳಕೆಯಲ್ಲಿರುವ ಸೂತ್ರವೂ ಇದೇ ಜಾತಿಯದು. ಅಲ್ಲಿ ಈ ಕಲ್ಪಿತ ಮತಗಳ ಸ್ಥಾನದಲ್ಲಿರುವ ಸಂಖ್ಯೆ 25,000. ಅರವತ್ತು ಜನರ ಗುಂಪಿಗೆ 10ರಿಂದ 20 ಸಾಕು. ಎಷ್ಟೇ ಇಡಿ, ಆ ಸಂಖ್ಯೆಯನ್ನು ಮತಪತ್ರ ತೆರೆಯುವ ಮೊದಲೇ ಬರೆದು ಪ್ರಕಟಿಸಿ. ಫಲಿತಾಂಶ ನೋಡಿಕೊಂಡು ಸಂಖ್ಯೆ ಆರಿಸಿದರೆ ನಿಮಗೆ ಬೇಕಾದ ಚಿತ್ರವನ್ನು ಮೇಲೆ ತರಬಹುದು. ಬೇಕೆಂದು ಮಾಡದಿದ್ದರೂ ಕೈ ಅತ್ತಲೇ ಎಳೆಯುತ್ತದೆ.

ಈ ತಿದ್ದುಪಡಿಗೂ ಒಂದು ಮಿತಿಯಿದೆ, ಅದನ್ನು ಮುಚ್ಚಿಡಬಾರದು. ಸಣ್ಣ ಚಿತ್ರವನ್ನು ಹುಡುಕಿಕೊಂಡು ಹೋಗಿ ನೋಡುವವರು ಆ ಬಗೆಯ ಚಿತ್ರವನ್ನು ಇಷ್ಟಪಡುವ ಜನವೇ. ಎಲ್ಲರಿಗೂ ತಲುಪಿದ ಚಿತ್ರವನ್ನು ಅದರತ್ತ ಒಲವಿಲ್ಲದವರೂ ನೋಡಿರುತ್ತಾರೆ, ನೋಡಿ ಬೈದಿರುತ್ತಾರೆ. ಆದ್ದರಿಂದ ನೋಡಿದವರ ಸರಾಸರಿ ಸಣ್ಣ ಚಿತ್ರವನ್ನು ಕೊಂಚ ಉಬ್ಬಿಸಿಯೇ ತೋರಿಸುತ್ತದೆ. ನಮ್ಮ ಸಲಹೆ ಇಷ್ಟು: ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಪ್ರಕಟಿಸಿ. ಒಂದು ಒಟ್ಟು ಅಂಕದ್ದು, ಇನ್ನೊಂದು ನೋಡಿದವರ ಲೆಕ್ಕದ್ದು. ಎರಡರಲ್ಲೂ ಮೇಲಿರುವ ಚಿತ್ರದ ಬಗ್ಗೆ ತಕರಾರು ಕಡಿಮೆ. ಎರಡನೆಯದರಲ್ಲಿ ಮೇಲಿದ್ದು ಮೊದಲನೆಯದರಲ್ಲಿ ಕಾಣದ ಚಿತ್ರ, ಬರುವ ವರ್ಷ ಎಲ್ಲರೂ ಹುಡುಕಿ ನೋಡಬೇಕಾದದ್ದು. ಓದುಗನಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಮಾಹಿತಿ ಅದೇ, ನಮ್ಮ ಪಟ್ಟಿಗಳಲ್ಲಿ ಕಾಣೆಯಾಗುತ್ತಿರುವುದೂ ಅದೇ.

‘ನೋಡಿದ ಚಿತ್ರಗಳನ್ನೆಲ್ಲ ಗುರುತು ಮಾಡಿ ಎಂದರೆ ಯಾರು ಮಾಡುತ್ತಾರೆ?’ ಎಂಬ ಆಕ್ಷೇಪ ಬರುತ್ತದೆ. ನೆನಪಿನಿಂದ ಬರೆಯಿರಿ ಎಂದರೆ ಯಾರೂ ಮಾಡುವುದಿಲ್ಲ. ಅರ್ಹ ಚಿತ್ರಗಳ ಪಟ್ಟಿಯನ್ನು ನೀವೇ ಕೊಟ್ಟು, ಪಕ್ಕದಲ್ಲೊಂದು ಟಿಕ್ ಹಾಕುವ ಚೌಕ ಇಟ್ಟರೆ ನೂರು ಹೆಸರುಗಳ ಮೇಲೆ ಕಣ್ಣಾಡಿಸಲು ಹೆಚ್ಚು ಹೊತ್ತು ಬೇಕಿಲ್ಲ. ಆ ಪಟ್ಟಿಯಿಂದ ಇನ್ನೊಂದು ಲಾಭವೂ ಇದೆ. ನವೆಂಬರಿನಲ್ಲಿ ನೋಡಿದ್ದು ಕಣ್ಣಿಗೆ ಕಟ್ಟಿರುತ್ತದೆ, ಫೆಬ್ರುವರಿಯಲ್ಲಿ ನೋಡಿದ್ದು ಮಸುಕಾಗಿರುತ್ತದೆ. ಹೆಸರು ಎದುರಿಗೆ ಬಂದರೆ ಆ ಚಿತ್ರ ಮತ್ತೆ ನೆನಪಾಗುತ್ತದೆ. ಹೆಸರುಗಳನ್ನು ಬಿಡುಗಡೆಯ ಕ್ರಮದಲ್ಲಿ ಇಡಬೇಡಿ, ಮೇಲಿನವಕ್ಕೆ ಅನುಕೂಲವಾಗುತ್ತದೆ. ಫಾರ್ಮ್‌ನಲ್ಲಿ ಆಯ್ಕೆಗಳ ಕ್ರಮವನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಕಲಸುವ ಸೌಲಭ್ಯವಿದ್ದರೆ ಬಳಸಿ, ಇಲ್ಲದಿದ್ದರೆ ಅಕಾರಾದಿ ಕ್ರಮ.

ಆ ಪಟ್ಟಿ ಮಾಡಲು ಹೊರಟಾಗ ‘ಈ ವರ್ಷದ ಚಿತ್ರ’ ಯಾವುದು ಎಂಬ ಪ್ರಶ್ನೆ ಏಳುತ್ತದೆ. ಇದರಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೂ ವಿಚಿತ್ರವಾಗಿ ನಡೆದುಕೊಂಡಿವೆ. ‘ಕಾಸಾಬ್ಲಾಂಕಾ’ ನ್ಯೂಯಾರ್ಕಿನಲ್ಲಿ ಮೊದಲು ತೆರೆಕಂಡದ್ದು 1942ರ ನವೆಂಬರಿನಲ್ಲಿ. ವ್ಯಾಪಕವಾಗಿ ಬಿಡುಗಡೆಯಾದದ್ದು 1943ರ ಜನವರಿಯಲ್ಲಿ. ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರವಾದದ್ದು 1943ರ ಲೆಕ್ಕದಲ್ಲಿ. ಚಾಪ್ಲಿನ್‌ನ ‘ಲೈಮ್‌ಲೈಟ್’ 1952ರ ಚಿತ್ರ. ಆಸ್ಕರ್ ಅರ್ಹತೆಗೆ ಬೇಕಾದ ಲಾಸ್ ಏಂಜಲೀಸ್ ಪ್ರದರ್ಶನ 1972ರವರೆಗೆ ಆಗದಿದ್ದ ಕಾರಣ ಅದರ ಸಂಗೀತಕ್ಕೆ ಆಸ್ಕರ್ ಬಂದದ್ದು 1973ರ ಸಮಾರಂಭದಲ್ಲಿ. ಫ್ರೆಂಚ್ ನಿರ್ದೇಶಕ ಮೆಲ್‌ವಿಲ್‌ನ ‘ಆರ್ಮಿ ಆಫ್ ಶ್ಯಾಡೋಸ್’ ಫ್ರಾನ್ಸಿನಲ್ಲಿ ಬಂದದ್ದು 1969ರಲ್ಲಿ. ಅಮೆರಿಕದ ಥಿಯೇಟರುಗಳಿಗೆ ಅದು ತಲುಪಿದ್ದು 2006ರಲ್ಲಿ. ಆ ವರ್ಷ ನ್ಯೂಯಾರ್ಕ್ ಫಿಲ್ಮ್ ಕ್ರಿಟಿಕ್ಸ್ ಸರ್ಕಲ್ ಎಂಬ ವಿಮರ್ಶಕರ ಸಂಘ ಅದನ್ನೇ ಅತ್ಯುತ್ತಮ ವಿದೇಶಿ ಭಾಷಾ ಚಿತ್ರವೆಂದು ಆರಿಸಿತು. ಮೂವತ್ತೇಳು ವರ್ಷ ಹಳೆಯ ಚಿತ್ರ ‘ಈ ವರ್ಷದ್ದು’ ಆಗುವುದು ತಮಾಷೆಯಂತೆ ಕಾಣಬಹುದು, ಆದರೆ ನಿಯಮ ಸ್ಪಷ್ಟವಾಗಿದ್ದರೆ ಅದರಲ್ಲಿ ಅನ್ಯಾಯವೇನಿಲ್ಲ.

ನಿಯಮ ಇಲ್ಲದಿದ್ದರೆ ಆಗುವ ನಷ್ಟವೇ ಬೇರೆ. ಚಿತ್ರೋತ್ಸವದಲ್ಲಿ ನೋಡಿದವರು ಮೊದಲ ವರ್ಷ ಮತ ಹಾಕುತ್ತಾರೆ, ಥಿಯೇಟರಿನಲ್ಲಿ ನೋಡಿದವರು ಎರಡನೆಯ ವರ್ಷ, ಮನೆಯಲ್ಲಿ ಒಟಿಟಿಯಲ್ಲಿ ನೋಡಿದವರು ಮೂರನೆಯ ವರ್ಷ. ಒಂದೇ ಚಿತ್ರದ ಮತ ಮೂರು ವರ್ಷಗಳಿಗೆ ಹರಿದು ಹಂಚಿಹೋಗಿ ಎಲ್ಲಿಯೂ ಪಟ್ಟಿಗೆ ಬರುವುದಿಲ್ಲ. ನಮಗೆ ಸರಿಕಂಡ ನಿಯಮ: ನಿಮ್ಮ ಮತದಾರರಲ್ಲಿ ಹೆಚ್ಚಿನವರಿರುವ ಕಡೆ, ಟಿಕೆಟ್ ಕೊಂಡೋ ಮನೆಯಲ್ಲಿ ಕೂತೋ ಯಾರು ಬೇಕಾದರೂ ನೋಡಬಹುದಾದ ಮೊದಲ ದಿನವೇ ಆ ಚಿತ್ರದ ದಿನ. ಚಿತ್ರೋತ್ಸವದ ಪ್ರದರ್ಶನ, ಪ್ರೀಮಿಯರ್, ಪತ್ರಕರ್ತರಿಗೆ ತೋರಿಸಿದ್ದು ಲೆಕ್ಕಕ್ಕಿಲ್ಲ. ಮರುಬಿಡುಗಡೆಯೂ ಲೆಕ್ಕಕ್ಕಿಲ್ಲ. ಮೂಲ ಭಾಷೆ, ಡಬ್ಬಿಂಗ್ ಎಲ್ಲ ಸೇರಿ ಒಂದೇ ಚಿತ್ರ. ಎರಡು ಭಾಗವಾಗಿ ಬೇರೆ ಬೇರೆ ದಿನ ಬಿಡುಗಡೆಯಾದರೆ ಎರಡು ಚಿತ್ರ. ಕಿರುಚಿತ್ರವನ್ನು ಬೇರೆ ಮಾಡುವುದಾದರೆ ಆಸ್ಕರ್‌ನವರ ಅಳತೆ ಹಿಡಿಯಿರಿ: ಕೊನೆಯ ಹೆಸರುಗಳೂ ಸೇರಿ 40 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಿರುಚಿತ್ರ.

ಮತದಾನದ ಕೊನೆಯ ದಿನವನ್ನು ಡಿಸೆಂಬರ್ 20ಕ್ಕೋ 25ಕ್ಕೋ ಇಡುವ ರೂಢಿಯನ್ನು ದಯವಿಟ್ಟು ಬಿಡಿ. ವರ್ಷ ಮುಗಿಯುವ ಮೊದಲೇ ವರ್ಷದ ಲೆಕ್ಕ ಮುಗಿಸುವ ಅವಸರ ಏಕೆ? ಕೊನೆಯ ವಾರಗಳಲ್ಲಿ ಬಂದ ಚಿತ್ರಕ್ಕೆ ಇದರಿಂದ ಎರಡೂ ಕಡೆಯಿಂದ ಪೆಟ್ಟು: ಹೆಚ್ಚಿನವರು ನೋಡಿಯೇ ಇರುವುದಿಲ್ಲ, ನೋಡಿದ ಕೆಲವರು ಮೊದಲ ಬಿಸಿಯಲ್ಲಿ ಅದನ್ನು ತಲೆಯ ಮೇಲೆ ಕೂರಿಸುತ್ತಾರೆ. ಜನವರಿ ಪೂರ್ತಿ ನೋಡಲು ಬಿಟ್ಟು ಫೆಬ್ರುವರಿ ಮಧ್ಯಕ್ಕೆ ಮತ ಮುಗಿಸಿ. ಸುದ್ದಿಯ ದೃಷ್ಟಿಯಿಂದ ತಡವಾಗಬಹುದು, ಪಟ್ಟಿ ಗಟ್ಟಿಯಾಗುತ್ತದೆ.

ಇನ್ನು ಮತಪತ್ರ. ಎಲ್ಲರೂ ಹತ್ತು ಹೆಸರು ತುಂಬಲೇಬೇಕು ಎಂಬ ಕಡ್ಡಾಯ ತೆಗೆದುಹಾಕಿ. ವರ್ಷಕ್ಕೆ ಹನ್ನೆರಡು ಚಿತ್ರ ನೋಡಿದವರಿಂದ ಹತ್ತು ಹೆಸರು ಕೇಳಿದರೆ ಅವರು ಎರಡನ್ನು ಬಿಟ್ಟು ಉಳಿದದ್ದೆಲ್ಲ ಬರೆಯುತ್ತಾರೆ. ಮೇಲಿನ ಮೂರು ನಿಜವಾದ ಮೆಚ್ಚುಗೆ, ಕೆಳಗಿನ ಐದಾರು ಭರ್ತಿಗೆ. ಭರ್ತಿಗೆ ಬರುವ ಹೆಸರು ಯಾವುದು? ಎಲ್ಲರೂ ನೋಡಿದ ಚಿತ್ರದ್ದೇ. ಎಂಟನೆಯ, ಒಂಬತ್ತನೆಯ ಸ್ಥಾನದಲ್ಲಿ ಇಪ್ಪತ್ತು ಜನ ಬೇರೇನೂ ತೋಚದೆ ಬರೆದ ಹೆಸರು ಐವತ್ತು ಅಂಕ ಗಳಿಸಿ ಮೇಲೇರುವುದು ಹೀಗೆ. 25ಕ್ಕಿಂತ ಕಡಿಮೆ ನೋಡಿದವರು ಐದೇ ಹೆಸರು ಬರೆಯಲಿ. ಐದಕ್ಕಿಂತ ಕಡಿಮೆ ಬರೆದವರ ಮತಪತ್ರ ಬೇಡ. ಅದರ ಕಾರಣ ಮುಂದೆ ಹೇಳುತ್ತೇವೆ.

ಸ್ಥಾನ ಕೊಡಬೇಕೋ ಬೇಡವೋ ಎಂಬುದು ಹಳೆಯ ಚರ್ಚೆ. ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಸುತ್ತಿರುವ ಸಾರ್ವಕಾಲಿಕ ಚಿತ್ರಗಳ ಮತದಾನದಲ್ಲಿ ಹತ್ತೂ ಹೆಸರುಗಳಿಗೆ ಸಮಾನ ಬೆಲೆ, ಒಂದು ಹೆಸರಿಗೆ ಒಂದು ಮತ. 2012ರಲ್ಲಿ ‘ವರ್ಟಿಗೋ’ 191 ಮತ ಪಡೆದು, 157 ಮತ ಪಡೆದ ‘ಸಿಟಿಜನ್ ಕೇನ್’ ಅನ್ನು ಮೇಲಿನಿಂದ ಇಳಿಸಿದ್ದು ಈ ಎಣಿಕೆಯಲ್ಲೇ. ನೂರಾರು ಮತದಾರರಿದ್ದಾಗ ಇದು ಚೆನ್ನಾಗಿ ನಡೆಯುತ್ತದೆ. ಐವತ್ತು ಜನರಿದ್ದರೆ ನಡೆಯದು, ಹತ್ತಾರು ಚಿತ್ರಗಳು ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತವೆ. ಅಂಥಲ್ಲಿ ಹತ್ತರಿಂದ ಒಂದಕ್ಕೆ ಇಳಿಯುವ ಅಂಕವೇ ವಾಸಿ. ಫ್ರಾನ್ಸಿನ ಗಣಿತಜ್ಞ ಬೋರ್ದಾ 1770ರಷ್ಟು ಹಿಂದೆಯೇ ಮುಂದಿಟ್ಟ ಕ್ರಮದ ಒಂದು ರೂಪ ಅದು. ಇನ್ನೊಂದು ಕ್ರಮ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆ ಸಂಗೀತದ ಆಲ್ಬಮ್‌ಗಳಿಗೆ ಬಳಸುತ್ತಿದ್ದದ್ದು: ಒಬ್ಬರಿಗೆ 100 ಅಂಕ, ಹತ್ತು ಹೆಸರಿಗೆ ಹಂಚಬೇಕು, ಒಂದಕ್ಕೆ 30ಕ್ಕಿಂತ ಹೆಚ್ಚಿಲ್ಲ, 5ಕ್ಕಿಂತ ಕಡಿಮೆಯಿಲ್ಲ. ಚಿತ್ರಗಳಿಗೂ ಇದು ಹೊಂದುತ್ತದೆ. ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ಒಬ್ಬರ ಮನಸ್ಸಿನಲ್ಲಿ ಆಕಾಶ ಭೂಮಿಯಷ್ಟು ಅಂತರವಿದ್ದರೆ ಅದನ್ನು ಹೇಳಲು ಇಲ್ಲಿ ದಾರಿಯಿದೆ. ಕೂಡಿಸುವಾಗ ಮತದಾರರ ತಪ್ಪು ಜಾಸ್ತಿ: ಮೊತ್ತ 95 ಆಗಿರುತ್ತದೆ, 105 ಆಗಿರುತ್ತದೆ. ಫಾರ್ಮೇ ಮೊತ್ತ ತೋರಿಸುವಂತಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ವರ್ಷದ ಚಿತ್ರ ಎಂದು ಒಂದನ್ನೇ ಆರಿಸಬೇಕಾದರೆ ಲೆಕ್ಕ ಬದಲಾಗುತ್ತದೆ. ಅಂತಿಮ ಸುತ್ತಿನಲ್ಲಿ ಮೂರು ಚಿತ್ರ, 40 ಮತ. ಮೊದಲ ಪ್ರಾಶಸ್ತ್ಯದಲ್ಲಿ ಒಂದಕ್ಕೆ 16, ಇನ್ನೊಂದಕ್ಕೆ 13, ಮತ್ತೊಂದಕ್ಕೆ 11. ಹದಿನಾರು ಬಂದದ್ದನ್ನು ಗೆಲ್ಲಿಸಿದರೆ 24 ಜನರ ಮೊದಲ ಆಯ್ಕೆಯಲ್ಲದ ಚಿತ್ರ ಗೆದ್ದಂತಾಯಿತು. 11 ಬಂದದ್ದನ್ನು ಕೈಬಿಟ್ಟು ಆ ಮತಪತ್ರಗಳಲ್ಲಿ ಮುಂದಿನ ಹೆಸರು ನೋಡಿದರೆ, 9 ಎರಡನೆಯ ಚಿತ್ರಕ್ಕೆ, 2 ಮೊದಲನೆಯದಕ್ಕೆ ಹೋಗಬಹುದು. ಈಗ 22ಕ್ಕೆ 18. ಆಸ್ಕರ್‌ನ ಅತ್ಯುತ್ತಮ ಚಿತ್ರ ವಿಭಾಗದಲ್ಲಿ 2009ರ ಚಿತ್ರಗಳಿಂದ ಈಚೆಗೆ ನಡೆಯುತ್ತಿರುವುದು ಇದೇ ಕ್ರಮ. ಇದರಲ್ಲಿ ಎರಡನೆಯ ಪ್ರಾಶಸ್ತ್ಯ ಬರೆದರೆ ಮೊದಲನೆಯದಕ್ಕೆ ಏಟು ಬೀಳುತ್ತದೆ ಎಂಬ ಭಯ ಅನೇಕರಿಗೆ. ಹಾಗೇನಿಲ್ಲ, ಮೊದಲನೆಯ ಚಿತ್ರ ಕಣದಲ್ಲಿರುವವರೆಗೆ ಎರಡನೆಯದನ್ನು ಯಾರೂ ನೋಡುವುದೇ ಇಲ್ಲ. ಒಂದೇ ಹೆಸರು ಬರೆದು ಬಿಟ್ಟವರು, ಆ ಚಿತ್ರ ಹೊರಬಿದ್ದ ಮೇಲೆ ಮತವನ್ನೇ ಕಳೆದುಕೊಳ್ಳುತ್ತಾರೆ. ದೋಷ ಇಲ್ಲವೆಂದಲ್ಲ: ಎಲ್ಲರಿಗೂ ಎರಡನೆಯ ಆಯ್ಕೆಯಾಗಿದ್ದು ಯಾರಿಗೂ ಮೊದಲನೆಯದಾಗದ ಚಿತ್ರ ಮೊದಲ ಸುತ್ತಿನಲ್ಲೇ ಹೋಗಿಬಿಡುತ್ತದೆ. ಮೂರು ಅಥವಾ ಹೆಚ್ಚು ಸ್ಪರ್ಧಿಗಳಿದ್ದಾಗ ನ್ಯಾಯದ ಎಲ್ಲ ಶರತ್ತುಗಳನ್ನೂ ಒಟ್ಟಿಗೆ ಪೂರೈಸುವ ಶ್ರೇಯಾಂಕದ ಕ್ರಮ ಇರಲಾರದು ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರಲ್ಲಿ ಗಣಿತದಿಂದಲೇ ತೋರಿಸಿದ್ದಾರೆ. ಕ್ರಮ ಯಾವುದೆಂದು ಮೊದಲೇ ಹೇಳಿ, ಅದಕ್ಕೇ ಅಂಟಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಎಣಿಸುವ ಗೆಳೆಯರಿಗೆ ಕೆಲವು ಮಾತು. ಎಕ್ಸೆಲ್ ಶೀಟಿನಲ್ಲಿ ಒಬ್ಬರ ಹತ್ತು ಹೆಸರುಗಳನ್ನು ಒಂದೇ ಸಾಲಿನಲ್ಲಿ ಹತ್ತು ಕಾಲಮ್ಮಾಗಿ ಇಡಬೇಡಿ. ಒಂದು ಮತಕ್ಕೆ ಒಂದು ಸಾಲು: ಮತದಾರರ ಸಂಖ್ಯೆ, ಚಿತ್ರದ ಸಂಖ್ಯೆ, ಸ್ಥಾನ. ಅಂಕದ ಕಾಲಮ್ಮಿನಲ್ಲಿ 11ರಿಂದ ಸ್ಥಾನ ಕಳೆಯುವ ಸೂತ್ರ. ಪಿವಟ್ ಟೇಬಲ್ (ಸಾಲುಗಳನ್ನು ಗುಂಪುಮಾಡಿ ತಾನೇ ಕೂಡಿಸುವ ಎಕ್ಸೆಲ್ ಸೌಲಭ್ಯ) ಹಾಕಿದರೆ ಒಟ್ಟು ಅಂಕ, ಎಷ್ಟು ಪಟ್ಟಿಯಲ್ಲಿದೆ, ಎಷ್ಟು ಮೊದಲ ಸ್ಥಾನ, ಎಲ್ಲ ಒಂದೇ ಏಟಿಗೆ ಬರುತ್ತವೆ. ಚಿತ್ರಗಳಿಗೆ ಸಂಖ್ಯೆ ಕೊಡಿ ಎನ್ನುವುದಕ್ಕೆ ಕಾರಣವಿದೆ. ಒಂದೇ ಹೆಸರನ್ನು ಜನ ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಉಳಿದರೂ ಕಂಪ್ಯೂಟರಿಗೆ ಅದು ಬೇರೆಯೇ ಚಿತ್ರ. ಎರಡನೆಯ ಭಾಗದ ಮತ ಮೊದಲನೆಯದಕ್ಕೆ ಬೀಳುತ್ತದೆ. ಒಂದೇ ಹೆಸರಿನ ಎರಡು ಚಿತ್ರ ಒಂದೇ ವರ್ಷ ಬಂದರೆ ನಿರ್ದೇಶಕರ ಹೆಸರಿಲ್ಲದೆ ಬೇರ್ಪಡಿಸಲಾಗದು. ಅಂಕಿಗಳೇ ಹೆಸರಾಗಿರುವ ಚಿತ್ರವನ್ನು ಶೀಟು ಸಂಖ್ಯೆಯೆಂದೋ ತಾರೀಕೆಂದೋ ತಿಳಿದು ರೂಪ ಬದಲಿಸುತ್ತದೆ; ಆ ಕಾಲಮ್ಮನ್ನು ಮೊದಲೇ ‘ಪಠ್ಯ’ ಎಂದು ಗೊತ್ತುಮಾಡಿ.

ಐದೇ ಹೆಸರು ಬರೆದವರಿಗೆ 10, 9, 8, 7, 6 ಕೊಡಿ. 5, 4, 3, 2, 1 ಕೊಟ್ಟರೆ ಕಡಿಮೆ ನೋಡಿದ್ದಕ್ಕೆ ಅವರ ಮೊದಲ ಆಯ್ಕೆಗೆ ಶಿಕ್ಷೆಯಾಗುತ್ತದೆ. ಸ್ಥಾನ ಕೊಡದೆ ಹತ್ತು ಹೆಸರು ಕಳಿಸಿದವರ ಒಂದೊಂದಕ್ಕೂ 5.5, ಆರೇ ಹೆಸರಿದ್ದರೆ ಮೇಲಿನ ಆರು ಸ್ಥಾನಗಳ ಅಂಕ ಕೂಡಿಸಿದರೆ 45, ಒಂದೊಂದಕ್ಕೆ 7.5. ಮೂರು ಮತ್ತು ನಾಲ್ಕನೆಯ ಸ್ಥಾನ ಸಮ ಎಂದವರಿಗೂ ಇದೇ ನ್ಯಾಯ, ಎಂಟೂ ಏಳೂ ಕೂಡಿ ಅರ್ಧ. ಎಲ್ಲ ಮುಗಿದ ಮೇಲೆ ಒಂದು ತಾಳೆ ನೋಡಿ: 48 ಪೂರ್ಣ ಮತಪತ್ರಗಳಿದ್ದರೆ ಅವುಗಳ ಒಟ್ಟು ಅಂಕ 2,640 ಆಗಲೇಬೇಕು. ಏಳು ಕಡಿಮೆ ಬಂದರೆ ಎಲ್ಲೋ ಒಂದು ನಾಲ್ಕನೆಯ ಸ್ಥಾನದ ಸಾಲು ಬಿಟ್ಟುಹೋಗಿದೆ ಎಂದು ಹುಡುಕಲು ಶುರುಮಾಡಬಹುದು. ತಿದ್ದುವ ಮೊದಲು ಮೂಲ ಪ್ರತಿಯೊಂದನ್ನು ಮುಟ್ಟದಂತೆ ಎತ್ತಿಡಿ. ಇಬ್ಬರು ಬೇರೆ ಬೇರೆ ಕೂತು ಎಣಿಸಿದರೆ ಇನ್ನೂ ಒಳ್ಳೆಯದು.

ಸಮ ಅಂಕ ಬಂದರೆ ಹೆಚ್ಚು ಮೊದಲ ಸ್ಥಾನ ಪಡೆದದ್ದು ಮೇಲೆ. ಅದೂ ಸಮವಾದರೆ ಎರಡಕ್ಕೂ ಒಂದೇ ಸ್ಥಾನ ಕೊಟ್ಟು ಮುಂದಿನ ಸಂಖ್ಯೆ ಬಿಡಿ. ಇನ್ನು ಆರನೆಯ ಸ್ಥಾನಕ್ಕೆ 71, ಏಳಕ್ಕೆ 70, ಎಂಟಕ್ಕೆ 68 ಎಂದು ಬಂದಾಗ ಅದನ್ನು ಶ್ರೇಯಾಂಕವೆಂದು ನಂಬಬೇಡಿ. ಒಬ್ಬರ ಮೊದಲ ಸ್ಥಾನವೇ 10 ಅಂಕ. ಆ ಒಬ್ಬರು ಜ್ವರ ಬಂದು ಮಲಗಿದ್ದರೆ ಕ್ರಮ ತಿರುವುಮುರುವಾಗುತ್ತಿತ್ತು. ಹತ್ತಕ್ಕಿಂತ ಕಡಿಮೆ ಅಂತರವಿರುವ ಚಿತ್ರಗಳನ್ನು ಒಂದೇ ಗುಂಪೆಂದು ತೋರಿಸುವುದು ಪ್ರಾಮಾಣಿಕತೆ.

ಅಭಿಮಾನಿಗಳ ದಂಡಿನ ವಿಚಾರ. ಯಾರು ಬೇಕಾದರೂ ಒತ್ತಬಹುದಾದ ಲಿಂಕ್ ಹಂಚಿದರೆ ಬರುವುದು ಅಭಿಪ್ರಾಯವಲ್ಲ, ಸಂಘಟನೆಯ ಬಲ. ಒಂದೇ ಹೆಸರಿನ ಮತಪತ್ರಗಳು ಸಾಲುಗಟ್ಟಿ ಬರುತ್ತವೆ. ಕನಿಷ್ಠ ಐದು ಹೆಸರು ಬೇಕೆಂದದ್ದು ಇದಕ್ಕೇ. ಐದು ಕೇಳಿದರೂ ಮೇಲೊಂದು ಚಿತ್ರ, ಕೆಳಗೆ ಅದೇ ನಾಲ್ಕು ಅಪರಿಚಿತ ಹೆಸರುಗಳು, ಹತ್ತು ನಿಮಿಷದೊಳಗೆ ಮೂವತ್ತು ಮತಪತ್ರ ಬಂದರೆ ಅದು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಸದ್ದಿಲ್ಲದ ತಂತ್ರ: ಪ್ರತಿಸ್ಪರ್ಧಿ ಚಿತ್ರ ಚೆನ್ನಾಗಿದೆಯೆಂದು ಗೊತ್ತಿದ್ದೂ ಪಟ್ಟಿಯಿಂದಲೇ ಬಿಡುವುದು. ಎರಡನೆಯ ಸ್ಥಾನ ಸಿಗಬೇಕಿದ್ದ ಚಿತ್ರಕ್ಕೆ ಒಬ್ಬರಿಂದ 9 ಅಂಕ ಹೋಯಿತು, ಐದು ಜನ ಸೇರಿದರೆ 45. ‘ನೋಡಿದ್ದೇನೆ’ ಎಂಬ ಟಿಕ್ ಇಲ್ಲಿಯೂ ನೆರವಾಗುತ್ತದೆ. ನೋಡಿದವರಲ್ಲಿ ಹತ್ತಕ್ಕೆ ಒಂಬತ್ತು ಜನ ಮೇಲಿಟ್ಟದ್ದನ್ನು ಒಂದು ಗುಂಪು ಮಾತ್ರ ಪೂರ್ತಿ ಬಿಟ್ಟಿದ್ದರೆ ಲೆಕ್ಕದಲ್ಲಿ ತೋರುತ್ತದೆ. ಅಂಥ ಮತಪತ್ರಗಳನ್ನು ಗುಟ್ಟಾಗಿ ಕಿತ್ತುಹಾಕಬೇಡಿ. ಯಾವ ನಿಯಮಕ್ಕೆ ಎಷ್ಟು ತಿರಸ್ಕೃತವಾದವು ಎಂದು ಪಟ್ಟಿಯ ಕೆಳಗೆ ಬರೆಯಿರಿ.

ಸ್ಟಾರ್ ರೇಟಿಂಗುಗಳನ್ನು ಕೂಡಿಸಿ ಪಟ್ಟಿ ಮಾಡುವವರಿಗೆ ಒಂದೇ ಮಾತು: ಒಬ್ಬರ ಮೂರು ಇನ್ನೊಬ್ಬರ ನಾಲ್ಕಕ್ಕೆ ಸಮ. ಅವರವರ ರೇಟಿಂಗನ್ನು ಅವರವರೊಳಗಿನ ಕ್ರಮಾಂಕಕ್ಕೆ ಬದಲಿಸಿಕೊಂಡು ಆಮೇಲೆ ಕೂಡಿಸಿ. ಎಲ್ಲರೂ 7 ಕೊಟ್ಟ ಚಿತ್ರಕ್ಕೂ, ಅರ್ಧ ಜನ 10, ಅರ್ಧ ಜನ 4 ಕೊಟ್ಟ ಚಿತ್ರಕ್ಕೂ ಸರಾಸರಿ 7 ಬರುತ್ತದೆ. ಎರಡನೆಯದು ಬೇರೆ ಜಾತಿಯ ಚಿತ್ರ, ಅದರ ಬಗ್ಗೆ ಬೇರೆಯೇ ಮಾತಾಡಬೇಕು.

ಈಗ ಮತ ಹಾಕುವವರಿಗೆ. ಸಂಕಲನ, ಛಾಯಾಗ್ರಹಣ, ಶಬ್ದ ಎಂದು ವಿಭಾಗಗಳಿದ್ದರೆ ನಾವು ‘ಅತ್ಯುತ್ತಮ’ದ ಜಾಗದಲ್ಲಿ ‘ಅತಿ ಹೆಚ್ಚು’ ಕಂಡದ್ದಕ್ಕೆ ಮತ ಹಾಕಿಬಿಡುತ್ತೇವೆ. ಕಟ್‌ಗಳು ಹೆಚ್ಚಿದ್ದರೆ ಸಂಕಲನ ಚೆನ್ನಾಗಿದೆ, ಬೆಟ್ಟಗುಡ್ಡ ಚೆಂದ ಕಂಡರೆ ಛಾಯಾಗ್ರಹಣ ಚೆನ್ನಾಗಿದೆ, ಕಿವಿ ತುಂಬಿದರೆ ಶಬ್ದ ಚೆನ್ನಾಗಿದೆ ಎಂದು. ಸಂಕಲನ ನೋಡಬೇಕೆಂದರೆ ಇಬ್ಬರು ಕೂತು ಮಾತಾಡುವ ದೃಶ್ಯವೊಂದನ್ನು ಎರಡನೆಯ ಸಲ ನೋಡಿ. ಮಾತಾಡುವವರಿಂದ ಕೇಳುವವರ ಮುಖಕ್ಕೆ ಎಲ್ಲಿ ಹೋದರು, ಮಾತು ಮುಗಿದ ಮೇಲೂ ಆ ಮುಖದ ಮೇಲೆ ಎಷ್ಟು ಹೊತ್ತು ನಿಂತರು, ದೃಶ್ಯವನ್ನು ಕೊನೆಯ ಮಾತಿಗೆ ಮುಂಚೆ ಬಿಟ್ಟರೋ ನಂತರ ಬಿಟ್ಟರೋ ಗಮನಿಸಿ. ಛಾಯಾಗ್ರಹಣಕ್ಕೆ ರಾತ್ರಿಯ ಒಳಾಂಗಣ ದೃಶ್ಯ ಒಳ್ಳೆಯ ಪರೀಕ್ಷೆ: ಬೆಳಕು ಆ ಕೋಣೆಯಲ್ಲಿರುವ ದೀಪದಿಂದಲೇ ಬಂದಂತಿದೆಯೇ, ಒಂದೇ ದೃಶ್ಯದ ಎರಡು ಶಾಟುಗಳ ನಡುವೆ ಚರ್ಮದ ಬಣ್ಣ ಬದಲಾಗಿದೆಯೇ. ಶಬ್ದದಲ್ಲಿ ಮೌನವನ್ನು ಕೇಳಿ. ಹಿನ್ನೆಲೆ ಸಂಗೀತ ನಿಂತಾಗ ಆ ಜಾಗಕ್ಕೆ ತನ್ನದೇ ಸದ್ದು ಇದೆಯೋ, ಅಥವಾ ಸ್ಟುಡಿಯೋದ ಬರಿದಾದ ನಿಶ್ಶಬ್ದವೋ? ಮೊಬೈಲಿನ ಸ್ಪೀಕರಿನಲ್ಲಿ ಚಿತ್ರ ನೋಡಿದವರು ಶಬ್ದ ವಿಭಾಗವನ್ನು ಖಾಲಿ ಬಿಡುವುದು ಮರ್ಯಾದೆ. ಡಬ್ ಆದ ಪ್ರತಿಯಲ್ಲಿ ನೋಡಿದವರು ನಟನೆಗೆ ಮತ ಹಾಕುವ ಮುನ್ನ ಮೂಲ ಧ್ವನಿಯಲ್ಲಿ ಹತ್ತು ನಿಮಿಷವಾದರೂ ಕೇಳಲಿ, ನಟನೆಯ ಅರ್ಧ ಭಾಗ ಕಂಠದಲ್ಲಿರುತ್ತದೆ.

ನಿಮ್ಮ ಮೊದಲ ಮೂರು ಚಿತ್ರಗಳನ್ನು ಮತ ಕಳಿಸುವ ಮುನ್ನ ಮತ್ತೊಮ್ಮೆ ನೋಡಿ. ಆಗದಿದ್ದರೆ ಮೊದಲ ಅರ್ಧ ಗಂಟೆಯಾದರೂ ಸರಿ. ನೋಡಿದ ದಿನವೇ ಒಂದು ಸಾಲು, ವಾರದ ನಂತರ ಇನ್ನೊಂದು ಸಾಲು ಬರೆದಿಡುವ ಅಭ್ಯಾಸವಿದ್ದರೆ ವರ್ಷಾಂತ್ಯಕ್ಕೆ ಅದೇ ಆಧಾರ. ಎರಡು ಸಾಲುಗಳ ನಡುವೆ ಏನು ಉಳಿಯಿತು, ಏನು ಹೋಯಿತು ಎಂಬುದರಲ್ಲಿ ನಿಮ್ಮ ತೀರ್ಪಿದೆ. ಪಟ್ಟಿಯ ಜೊತೆ ಟಿಪ್ಪಣಿ ಬರೆಯುವಾಗ ‘ಅದ್ಭುತ’, ‘ನೋಡಲೇಬೇಕು’ ಎಂದರೆ ಓದುವವರಿಗೆ ಏನೂ ಸಿಗುವುದಿಲ್ಲ. ಯಾವ ದೃಶ್ಯ, ಅದರಲ್ಲಿ ಏನು ಮಾಡಿದ್ದಾರೆ, ಏಕೆ ಬೇರೆಯಾಗಿ ಕಂಡಿತು ಎಂದು ಅರವತ್ತು ಎಂಬತ್ತು ಪದಗಳಲ್ಲಿ ಬರೆಯಿರಿ, ಕೊನೆಯ ತಿರುವನ್ನು ಬಿಟ್ಟುಕೊಡದೆ. ಚಿತ್ರ ಎಷ್ಟು ಗಳಿಸಿತು ಎಂಬುದು ಹೊಗಳಿಕೆಗೂ ಕಾರಣವಲ್ಲ, ತೆಗಳಿಕೆಗೂ ಕಾರಣವಲ್ಲ. ನೋಡದ ಚಿತ್ರದ ಬಗ್ಗೆ ಮಾತೇ ಬೇಡ. ಆಸ್ಕರ್ ಅಕಾಡೆಮಿಯೇ 2025ರಲ್ಲಿ ಹೊಸ ನಿಯಮ ತಂದು, ಒಂದು ವಿಭಾಗದ ನಾಮನಿರ್ದೇಶಿತ ಚಿತ್ರಗಳನ್ನೆಲ್ಲ ನೋಡಿದವರು ಮಾತ್ರ ಆ ವಿಭಾಗದ ಅಂತಿಮ ಮತ ಹಾಕಬೇಕು ಎಂದಿತು. ಅಷ್ಟು ವರ್ಷ ಎಲ್ಲ ವಿಭಾಗಗಳಿಗೂ ಆ ನಿಯಮ ಇರಲಿಲ್ಲ ಎಂಬುದೇ ಆಶ್ಚರ್ಯ.

ಪಟ್ಟಿ ಪ್ರಕಟಿಸುವಾಗ ಅದರ ತಲೆಯ ಮೇಲೆ ಮತದಾರರ ಸಂಖ್ಯೆ, ಅವರು ಹೆಚ್ಚಾಗಿ ನೋಡುವ ಭಾಷೆಗಳು, ಅರ್ಹತೆಯ ದಿನಾಂಕಗಳು, ಎಣಿಕೆಯ ಕ್ರಮ ಇರಲಿ. ಮತದಾರರು ಬದಲಾದರೆ ಪಟ್ಟಿ ಬದಲಾಗುತ್ತದೆ. ‘ಸೈಟ್ ಅಂಡ್ ಸೌಂಡ್’ ಮತದಾನದಲ್ಲಿ 2012ರಲ್ಲಿ 846 ಜನರಿದ್ದರು, 2022ರಲ್ಲಿ 1,639. ಆ ಸಲ ಮೊದಲ ಸ್ಥಾನಕ್ಕೆ ಬಂದದ್ದು ಶಾಂಟಾಲ್ ಅಕರ್ಮನ್ 1975ರಲ್ಲಿ ಮಾಡಿದ ‘ಜಾನ್ ಡೀಲ್ಮನ್’. ಕೆಲವರು ಸಂಭ್ರಮಿಸಿದರು, ಕೆಲವರು ಸಿಟ್ಟಾದರು. ಯಾರು ಎಷ್ಟು ಜನ ಮತ ಹಾಕಿದ್ದಾರೆಂಬುದು ಎದುರಿಗಿದ್ದುದರಿಂದ ವಾದಕ್ಕೆ ಒಂದು ನೆಲೆಯಾದರೂ ಇತ್ತು. ನಮ್ಮ ಪಟ್ಟಿಗಳಿಗೆ ಅಷ್ಟೂ ಇರುವುದಿಲ್ಲ. ಮೊದಲ ಹತ್ತಕ್ಕೆ ನಿಲ್ಲಿಸದೆ ಒಂದೇ ಮತ ಬಿದ್ದ ಚಿತ್ರದವರೆಗೆ ಪೂರ್ತಿ ಪಟ್ಟಿ ಹಾಕಿ. ಒಪ್ಪಿದವರ ಮತಪತ್ರಗಳನ್ನು ಹೆಸರಿನೊಂದಿಗೆ ಹಾಕಿ. ತಮ್ಮ ರುಚಿಗೆ ಹತ್ತಿರದ ಮತದಾರ ಯಾರೆಂದು ಓದುಗರು ಅಲ್ಲಿಂದಲೇ ಕಂಡುಕೊಳ್ಳುತ್ತಾರೆ.

ಮುಂದಿನ ಮತದಾನಕ್ಕೆ ನಾವು ಕೇಳುವುದು ಇಷ್ಟು. ಅರ್ಹ ಚಿತ್ರಗಳ ಕರಡು ಪಟ್ಟಿ ಡಿಸೆಂಬರ್ ಮೊದಲ ವಾರದಲ್ಲಿ ಬರಲಿ, ಬಿಟ್ಟುಹೋದ ಹೆಸರು ಸೇರಿಸಲು ಡಿಸೆಂಬರ್ 31ರವರೆಗೆ ಅವಕಾಶವಿರಲಿ. ಎಣಿಕೆಯ ನಿಯಮ, ಕಲ್ಪಿತ ವೀಕ್ಷಕರ ಸಂಖ್ಯೆ, ಸಮ ಅಂಕದ ತೀರ್ಮಾನ ಇವೆಲ್ಲ ಜನವರಿ 10ರೊಳಗೆ ಬರಹದಲ್ಲಿ ಪ್ರಕಟವಾಗಲಿ. ಮತಪತ್ರದಲ್ಲಿ ಪ್ರತಿ ಚಿತ್ರದ ಪಕ್ಕ ‘ನೋಡಿದ್ದೇನೆ’ ಎಂಬ ಚೌಕವಿರಲಿ. ಇಷ್ಟೆಲ್ಲ ಮಾಡಲು ಈ ವರ್ಷ ಸಮಯವಿಲ್ಲ ಎಂದರೆ ಬೇರೆಲ್ಲವನ್ನೂ ಬಿಡಿ, ಆ ಚೌಕವೊಂದನ್ನು ಸೇರಿಸಿ. ಉಳಿದ ಲೆಕ್ಕವನ್ನು ಆಮೇಲೂ ಮಾಡಬಹುದು, ಆದರೆ ಯಾರು ಏನು ನೋಡಿದ್ದರೆಂಬುದನ್ನು ಆಮೇಲೆ ಕೇಳಿ ಪಡೆಯಲಾಗುವುದಿಲ್ಲ.

ಇಂತಿ ನಿಮ್ಮವರು,
ಪ್ರತಿ ವರ್ಷ ಮತ ಹಾಕುವ, ಮತ ಎಣಿಸುವ ಸಿನಿಮಾಪ್ರಿಯರು